ಗೆಳೆಯನ ಹೆಸರನ್ನು ಗವಿ ಬಂಡೆ ಮೇಲೆ ಬರೀತೀವಿ ಅಂತಿದ್ದಾರೆ, ಏನು ಹೇಳಲಿ?

ಪ್ರಶ್ನೆ (ಬಳ್ಳಾರಿಯಿಂದ)

ಎಲ್ಲರಿಗೂ ನಮಸ್ಕಾರ. ಬರೋ ಆಷಾಢಕ್ಕೆ ನನ್ನ ದೋಸ್ತ ಹೋಗಿ ಒಂದು ವರ್ಷ. ಹೃದಯಾಘಾತ. ನಲವತ್ತೆರಡು ವಯಸ್ಸು, ಗಂಗಾವತಿ ಕಡೆಯವನು. 2012ರಿಂದ ಇಬ್ಬರೂ ಸೇರಿ ಗವಿ ಹೊಕ್ಕಿದ್ದೇವೆ, ಸಿಕ್ಕ ಸಿಕ್ಕ ಭಾನುವಾರ.

ಅವನು ಸಂಡೂರು ಕಡೆ ಗಣಿಯೊಂದರಲ್ಲಿ ಸರ್ವೇದವರ ಜೊತೆ ಟೇಪು ಹಿಡಿಯುವ ಕೆಲಸದಲ್ಲಿದ್ದ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಹೋಯಿತು. ಊರಿಗೆ ಬಂದು ಹೊಲ ಹಿಡಿದ. ಬಿಡುವಾದಾಗಲೆಲ್ಲ ಬೆಟ್ಟ. ನಮ್ಮ ಕಡೆ ಗವಿ ಅಂದರೆ ನಿಮಗೆ ಗೊತ್ತೇ ಇದೆ, ಗುಂಡಿನ ಮೇಲೆ ಗುಂಡು ಬಿದ್ದು ಒಳಗೆ ಉಳಿದ ಸಂದು. ಮೈ ಒಡ್ಡಿ, ತೆವಳಿ, ಎದೆ ಬಿಗಿ ಹಿಡಿದು ಹೋಗಬೇಕು. ಅವನು ಬಾಯಲ್ಲಿ ನಿಂತು ಮೊದಲು ಮೂಗು ಅರಳಿಸುತ್ತಿದ್ದ. "ಲೇ, ವಾಸನಿ ನೋಡು ಮೊದಲ. ಕರಡಿ ಇದ್ರ ಮೂಗಿಗೆ ಗೊತ್ತಾಗ್ತತಿ." ಕಾರ್ತಿಕದಿಂದ ಶಿವರಾತ್ರಿವರೆಗೆ ಒಳಗೆ ಕಾಲಿಡುತ್ತಲೇ ಇರಲಿಲ್ಲ. ಆಗ ತಾಯಿ ಕರಡಿ ಮರಿ ಹಾಕಿರುತ್ತದೆ ಅಂತ.

ನಾವು ಹೆಚ್ಚು ಹೋಗುತ್ತಿದ್ದ ಗವಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅದರ ಬಾಯಲ್ಲಿ, ಮಳೆ ತಾಗದ ಕಡೆ, ಅಂಗೈಯಷ್ಟು ದೊಡ್ಡ ಒಂದು ಎತ್ತು ಇದೆ. ಹಳೇ ಕಾಲದವರು ಕೆಂಪು ಕಾವಿಯಲ್ಲಿ ಬರೆದದ್ದು, ಕೊಂಬು ಉದ್ದ, ಹಿಂಗಾಲು ಮಾಸಿದೆ. ಮೊದಲ ಸಲ ಫೋಟೋಗೆ ಬಣ್ಣ ಎದ್ದು ಕಾಣಲಿ ಅಂತ ನಾನು ಬಾಟಲಿ ನೀರು ಎರಚಲು ಹೋದೆ. ಅವನು ಕೈ ಹಿಡಿದುಬಿಟ್ಟ. "ಒಂದ್ ಸಲ ಎದ್ದು ಕಾಣ್ತತಿ, ಹತ್ತು ಸಲಕ್ಕ ಅಳಿಸಿ ಹೊಕ್ಕತಿ" ಅಂದ. ಆವತ್ತಿನ ಅವನ ಹಿಡಿತ ಈಗಲೂ ಮಣಿಕಟ್ಟಿನಲ್ಲಿ ಇದ್ದಂತೆ ಅನ್ನಿಸುತ್ತದೆ.

ಈಗ ಅವನ ಅಕ್ಕನ ಮಗ, ಇನ್ನೂ ನಾಲ್ಕು ಹುಡುಗರು ಸೇರಿ ಅದೇ ಬಂಡೆ ಮೇಲೆ ಆಯಿಲ್ ಪೇಂಟಿನಲ್ಲಿ ಅವನ ಹೆಸರು ಬರೆಯಬೇಕು ಅಂತಿದ್ದಾರೆ. ಪ್ರೀತಿಯಿಂದಲೇ. ಬೇಡ ಅಂದರೆ ಹುಡುಗ ಕೇಳಿದ: "ಮಸ್ಕಿ ಬಂಡಿ ಮ್ಯಾಲ ಅಶೋಕನ ಹೆಸರು ಐತಿ, ಎರಡು ಸಾವಿರ ವರ್ಷ ಆದ್ರೂ ಉಳದೈತಿ. ನಮ್ಮ ಮಾವಂದು ಯಾಕ ಬ್ಯಾಡ್ರಿ ಕಾಕಾ?" ನನಗೆ ಉತ್ತರ ಹೊಳೆಯಲಿಲ್ಲ. ನನ್ನ ದೋಸ್ತನ ಅವ್ವನಿಗೂ ಹೆಸರು ಉಳಿಯಲಿ ಅಂತಿದೆ. ಏನು ಮಾಡಬಹುದು, ತಿಳಿದವರು ಹೇಳಿ.

ಉತ್ತರ 1 (ಕೊಪ್ಪಳ, ಶಿಕ್ಷಕಿ)

ಅಣ್ಣಾ, ಓದಿ ಸಂಕಟ ಆಯಿತು. ಹುಡುಗನ ಪ್ರಶ್ನೆ ಸಣ್ಣದಲ್ಲ, ಬೈಯಬೇಡಿ ಅವನನ್ನು. ನಮ್ಮೂರಿಗೆ ಕರಕೊಂಡು ಬನ್ನಿ. ಗವಿಮಠದ ಮೇಲಿನ ಬಂಡೆ, ಪಾಲ್ಕಿಗುಂಡು, ಎರಡೂ ಕಡೆ ಅಶೋಕನ ಶಾಸನ ಇವೆ. ಎರಡರಲ್ಲೂ ಅಶೋಕ ಅನ್ನುವ ಹೆಸರಿಲ್ಲ, 'ದೇವಾನಾಂಪ್ರಿಯ' ಅಂತಷ್ಟೇ. ಹೆಸರು ಸಿಕ್ಕಿದ್ದು 1915ರಲ್ಲಿ ಮಸ್ಕಿಯಲ್ಲಿ, ಆಮೇಲೆ ನಿಮ್ಮ ಜಿಲ್ಲೆಯ ನಿಟ್ಟೂರಿನಲ್ಲೂ. ರಾಜ ಅಲ್ಲಿ ಜನಕ್ಕೆ ಹೇಳಬೇಕಾದ ಮಾತು ಕೆತ್ತಿಸಿದ. ಬೇರೆಯವರ ಎತ್ತಿನ ಮೇಲೆ ಕೆತ್ತಿಸಲಿಲ್ಲ.

ಆಯಿಲ್ ಪೇಂಟು ಕಲ್ಲಿನೊಳಕ್ಕೆ ಇಳಿಯುತ್ತದೆ. ತೆಗೆಯಲು ಹೋದರೆ ಕಾವಿಯೂ ಕಿತ್ತು ಬರುತ್ತದೆ. ಸಂರಕ್ಷಿತ ಜಾಗ ಆಗಿದ್ದರೆ 1958ರ ಕಾಯ್ದೆ ಪ್ರಕಾರ ಜೈಲು, ದಂಡ ಎರಡೂ ಇವೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಅಂಥದ್ದೇ ಜಾಗ. ಆದರೆ ಹುಡುಗನಿಗೆ ಕಾಯ್ದೆ ಕೊನೆಗೆ ಹೇಳಿ. ಮೊದಲು ಆ ನೀರಿನ ಬಾಟಲಿಯ ಮಾತು ಹೇಳಿ. ಅವನ ಮಾವನ ಮಾತೇ ಅದು.

ಅವ್ವನಿಗೆ ಗವಿಮಠದ ದಾಸೋಹಕ್ಕೆ ಮಗನ ಹೆಸರಲ್ಲಿ ಅಕ್ಕಿಯೋ ಬೇಳೆಯೋ ಕೊಟ್ಟರೆ ಸಮಾಧಾನ ಆಗಬಹುದು. ನಾನು ಜೊತೆಗೆ ಬರುತ್ತೇನೆ.

ಉತ್ತರ 2 (ಬಳ್ಳಾರಿ, ಕೌಲ್ ಬಜಾರ್)

ಇದು ಅವನೇ ಅಂತ ಎರಡನೇ ಪ್ಯಾರಾದಲ್ಲೇ ಗೊತ್ತಾಯಿತು. ನಾನು ಅವನ ಜೊತೆ ಹೋಗಿದ್ದು ಒಂದೇ ಸಲ, ಆಂಧ್ರದ ಬೆಲಂ ಗುಹೆಗೆ. ಗುಂತಕಲ್, ಗುತ್ತಿ, ತಾಡಿಪತ್ರಿ ಮೇಲೆ ನನ್ನ ಕಾರಿನಲ್ಲಿ. ಒಳಗೆ ಬೆವರು ಕಿತ್ತು ಬರುತ್ತಿತ್ತು. ಎಲ್ಲರೂ ದೀಪದ ಬಣ್ಣ ನೋಡುತ್ತಿದ್ದರೆ ಇವನು ಗೋಡೆಗೆ ಅಂಗೈ ಇಟ್ಟು ನಿಂತಿದ್ದ. ಸುಣ್ಣಕಲ್ಲು, ನೀರು ಕೊರೆದು ನುಣ್ಣಗೆ ಮಾಡಿದ್ದು. "ನಮ್ಮವು ಬಿದ್ದು ಆದ ಗವಿ, ಇದು ಕರಗಿ ಆದ ಗವಿ" ಅಂದ. ನೆಲದಿಂದ 46 ಮೀಟರ್ ಕೆಳಗೆ ಪಾತಾಳಗಂಗೆ ಅನ್ನುವ ನೀರಿನ ಹರಿವಿನ ಹತ್ತಿರ, ನೀರು ಎಲ್ಲಿಗೆ ಹೋಗುತ್ತೆ ಅಂತ ಬಗ್ಗಿ ನೋಡುತ್ತ ಬಹಳ ಹೊತ್ತು ಕೂತ.

ಗುಹೆ ಉದ್ದ 3,229 ಮೀಟರ್, 1982-83ರಲ್ಲಿ ಗೆಬಾವರ್ ಎಂಬ ಜರ್ಮನ್ನನ ತಂಡ ಅಳೆದದ್ದು ಅಂತ ನಾನು ಹೇಳಿದೆ. ವಾಪಸ್ ಬರುವಾಗ ಮಾತೇ ಇಲ್ಲ. ಗುತ್ತಿಯಲ್ಲಿ ಮಿರ್ಚಿ ತಿಂದ ಪೇಪರಿನ ಮೇಲೆ ಪೆನ್ನು ಕೇಳಿ ಗೆರೆ ಎಳೆಯಲು ಶುರು ಮಾಡಿದ. "ನಮ್ಮ ಗವಿನೂ ಅಳೀಬೇಕಲೇ." ಮುಂದಿನ ವಾರ ಮೂವತ್ತು ಮೀಟರಿನ ಟೇಪು ತಗೊಂಡ ಅಂತ ಫೋನ್ ಮಾಡಿದ್ದ. ಆ ನಕ್ಷೆ ಏನಾಯಿತು? ಅದು ಮುಗಿಯಲಿಲ್ಲ ಅಂದರೆ ಅದನ್ನು ಮುಗಿಸಿ. ನನಗನಿಸೋದು ಇಷ್ಟೇ.

ಪ್ರಶ್ನೆ ಕೇಳಿದವರು

ಅಕ್ಕಾ, ಸರ್, ಇಬ್ಬರಿಗೂ ಕೈ ಮುಗಿದೆ. ಟೇಪು ಯಾಕೆ ತಂದ ಅಂತ ಅವನು ನನಗೆ ಹೇಳಿರಲೇ ಇಲ್ಲ. ಒಂದು ಭಾನುವಾರ ತಂದ, ಅಷ್ಟೇ, ತುದಿ ಹಿಡಿ ಅಂದ.

ನೋಟ್‌ಬುಕ್ ಅವ್ವನ ಹತ್ತಿರ ಇತ್ತು, ನಿನ್ನೆ ತಂದೆ. ಚೌಕಳಿ ಹಾಳೆ, ಅಂಚಿಗೆಲ್ಲ ಕೆಮ್ಮಣ್ಣು. ಒಂದೊಂದು ಬಿಂದುವಿಗೂ ದೂರ, ದಿಕ್ಕು, ಇಳಿಜಾರು. ಇಳಿಜಾರು ನೋಡಲು ಶಾಲೆ ಮಕ್ಕಳ ಕೋನಮಾಪಕಕ್ಕೆ ದಾರ ಕಟ್ಟಿ ತುದಿಗೆ ಒಂದು ನಟ್ಟು ತೂಗಬಿಟ್ಟಿದ್ದ. ಅದೂ ಪುಟದ ನಡುವೆಯೇ ಇತ್ತು. ಮೊದಲ ಪುಟದಲ್ಲಿ ದೊಡ್ಡದಾಗಿ: "ದಿಕ್ಸೂಚಿ ನೋಡುವಾಗ ಹೆಡ್‌ಲ್ಯಾಂಪು ದೂರ. ಮುಳ್ಳು ಎಳೀತತಿ." ಕೊನೆಯ ಸಾಲು ಹದಿನಾಲ್ಕನೇ ಬಿಂದು. ಅದರ ಮುಂದೆ ಅಳತೆ ಇಲ್ಲ, "ಮುಂದ ಸಂದು ಐತಿ, ಗಾಳಿ ಬರ್ತತಿ" ಅಂತ ಬರೆದಿದ್ದಾನೆ. ಗಾಳಿ ಬರುತ್ತಿದ್ದರೆ ಆಚೆ ಎಲ್ಲೋ ಇನ್ನೊಂದು ಬಾಯಿ ಇರಬೇಕು.

ಹುಡುಗನಿಗೆ ಆ ಪುಟ ತೋರಿಸಿದೆ. ಬಾಟಲಿಯ ಮಾತೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಟೇಪಿನ ತುದಿ ನಾನು ಹಿಡೀತೀನ್ರಿ ಕಾಕಾ" ಅಂದ. ಪೇಂಟಿನ ಡಬ್ಬಿ ಅಂಗಡಿಗೆ ವಾಪಸ್ ಹೋಯಿತು. ನಕ್ಷೆ ಮುಗಿದ ಮೇಲೆ ಮೂಲೆಯಲ್ಲಿ, ಅಳೆದವರು ಅನ್ನುವ ಕಡೆ, ಅವನ ಹೆಸರು ಮೊದಲು ಬರುತ್ತದೆ. ಒಂದು ಪ್ರತಿ ಅವ್ವನಿಗೆ.

ಕೌಲ್ ಬಜಾರ್ ಸರ್, ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಗಂಗಾವತಿ ಬಸ್ ಸ್ಟ್ಯಾಂಡಿಗೆ ಬರ್ತೀರಾ? ತಲೆಗೊಂದು ಹೆಲ್ಮೆಟ್, ಮೂರು ಬೆಳಕು ಇರಲಿ. ಮೂರಕ್ಕಿಂತ ಕಡಿಮೆ ಇದ್ದರೆ ಅವನು ಒಳಗೆ ಬಿಡುತ್ತಿರಲಿಲ್ಲ.