ಹಿತ್ತಲಲ್ಲಿ ಪುಡಿಯಾದ ಪ್ಲಾಸ್ಟಿಕ್‌ಗೆ ‘ನುಚ್ಚು’ ಅಂದರೆ ಸಾಕು

ರವಿವಾರ ಮಕ್ಕಳು ನಿಮ್ಮ ಶಿರಸಿ ಮನೆಯ ಹಿತ್ತಲು ಚೊಕ್ಕ ಮಾಡಲು ಬರ್ತಾರೆ, ನಾಳೆಯೇ ಬೋರ್ಡು ಬರೆಸಬೇಕು, ಅಲ್ಲಿ ಬಿದ್ದು ಪುಡಿಯಾದ ಪ್ಲಾಸ್ಟಿಕ್‌ಗೆ ಯಾವ ಪದ ಬರೆಸಲಿ ಅಂತ ಕೇಳಿದ್ದೀರಿ. ಹಾಗಾಗಿ ಮೊದಲು ಉತ್ತರ: ‘ಪ್ಲಾಸ್ಟಿಕ್ ನುಚ್ಚು’ ಅಂತ ಬರೆಸಿ.

‘ವಿಘಟಿತ ಪ್ಲಾಸ್ಟಿಕ್ ಅವಶೇಷ’ ಬೇಡವೇ ಬೇಡ. ಮಕ್ಕಳು ಅದನ್ನು ಓದಿ ಏನು ಮಾಡಬೇಕು? ‘ಕೊಳೆತ ಪ್ಲಾಸ್ಟಿಕ್’ ಅನ್ನೋದಂತೂ ಸುಳ್ಳು. ಕೊಳೆಯೋದು ಅಂದ್ರೆ ಏನು ಅಂತ ಅಡಿಕೆ ಬೆಳೆಯುವ ಊರಿಗೆ ಹೇಳಿಕೊಡಬೇಕಾ? ಕೊಳೆತದ್ದು ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಒಡೆಯುತ್ತದೆ, ಅಷ್ಟೇ. ಎಷ್ಟು ಸಣ್ಣದಾದರೂ ಪ್ಲಾಸ್ಟಿಕ್ಕೇ.

ಹೋದ ವಾರ ನಮ್ಮ ಬಸಳೆ ಚಪ್ಪರದ ಬುಡದಲ್ಲಿ, ದರಕಿನ (ಒಣಗಿದ ಎಲೆಯ) ಅಡಿ, ಹಳೇ ಪ್ಲಾಸ್ಟಿಕ್ ಕೊಟ್ಟೆಯೊಂದು (ಚೀಲ) ಸಿಕ್ಕಿತು. ಯಾವುದೋ ಮಳೆಗಾಲದಲ್ಲಿ ಅಡಿಕೆ ಕೊನೆಗೆ (ಗೊನೆಗೆ) ಕಟ್ಟಿದ್ದು. ಎರಡು ಬೆರಳಲ್ಲಿ ಹಿಡಿದು ಎತ್ತಿದೆ, ಹಪ್ಪಳದ ಹಾಗೆ ಮುರಿಯಿತು. ಬಿದ್ದ ಚೂರನ್ನು ಹೆಕ್ಕಲು ಹೋದರೆ ಅದೂ ನಾಲ್ಕಾಯಿತು. ಆಗಲೇ ಬಾಯಿಗೆ ಬಂದ ಮಾತು ‘ನುಚ್ಚು’.

‘ಚೂರು’ ಸಾಕಲ್ವಾ ಅಂತ ಒಬ್ಬರು ಬರೆದಿದ್ದಾರೆ. ಸಾಲದು. ಚೂರನ್ನು ಒಂದೊಂದಾಗಿ ಹೆಕ್ಕಬಹುದು. ನುಚ್ಚಿಗೆ ಜರಡಿಯೇ ಬೇಕು. ಗೆರಸಿ (ಮೊರ), ಜರಡಿ ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪದವೇ ಕೆಲಸ ಹೇಗೆ ಅಂತ ಹೇಳಿಬಿಡುತ್ತದೆ. ‘ಮೈಕ್ರೋಪ್ಲಾಸ್ಟಿಕ್’ ಅನ್ನೋದು 5 ಮಿಲಿಮೀಟರಿಗಿಂತ ಸಣ್ಣದಕ್ಕೆ ಮಾತ್ರ. ಹಿತ್ತಲಲ್ಲಿ ಅದಕ್ಕಿಂತ ದೊಡ್ಡವೂ ಸೇರಿರುತ್ತವೆ.

ಪದದ ಬೇರೂ ಗಟ್ಟಿ. ಹಳಗನ್ನಡದ ‘ಪೆರ್ಚು’ ಈಗ ‘ಹೆಚ್ಚು’ ಆದ ದಾರಿಯಲ್ಲೇ ‘ನುರ್ಚು’ ‘ನುಚ್ಚು’ ಆಗಿದೆ. ಒಡೆದು ಪುಡಿಯಾಗುವುದು ಅದರ ಹುಟ್ಟಿನಲ್ಲೇ ಇದೆ. ‘ನುಚ್ಚುನೂರು’ ದಿನಾ ಆಡುತ್ತೇವೆ.

ಇನ್ನು ‘ಪ್ಲಾಸ್ಟಿಕ್’ಗೂ ಅಚ್ಚಗನ್ನಡ ಬೇಕು ಅಂತ ಹಠ ಹಿಡಿದವರಿಗೆ: ಬೇಡ. ಕಾರವಾರದ ಕಡೆ ಬಟಾಟೆ, ಚಾವಿ, ಪಗಾರ ಅನ್ನುತ್ತೇವೆ, ಮೂರೂ ಪೋರ್ಚುಗೀಸಿನಿಂದ ಬಂದವು. ಯಾರ ನಾಲಿಗೆಗೂ ಅಡ್ಡಿಯಾಗಿಲ್ಲ. ಕನ್ನಡ ಬೇರೆ ಭಾಷೆಗೆ ಪದ ಕೊಟ್ಟದ್ದೂ ಇದೆ. 1910ರಲ್ಲಿ ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಿಕೆಯ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ‘ಕೊಳೆರೋಗ’ವನ್ನು ಹಾಗೇ ಇಟ್ಟುಕೊಂಡರು. ತೋಟದವರ ಮಾತನ್ನು ಹೊರಗಿನವರೇ ಅಷ್ಟು ನಂಬಿದ್ದರು. ಮನೆಯಲ್ಲಿ ನುಚ್ಚು ಇಟ್ಟುಕೊಂಡು ನಾವು ‘ವಿಘಟಿತ’ ಹುಡುಕಿಕೊಂಡು ಹೋಗುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಬೋರ್ಡಿಗೆ ಇಷ್ಟು ಸಾಕು:

‘ಇಲ್ಲಿ ಪ್ಲಾಸ್ಟಿಕ್ ನುಚ್ಚು ಇದೆ. ಎಳೆಯಬೇಡಿ, ಗುಡಿಸಬೇಡಿ. ಮೇಲ್ಮಣ್ಣಿನ ಸಮೇತ ಎತ್ತಿ ನೀರಿನ ಬಕೆಟ್ಟಿಗೆ ಹಾಕಿ. ತೇಲಿದ್ದನ್ನು ಜರಡಿಯಲ್ಲಿ ತೆಗೆಯಿರಿ. ಒಲೆಗೆ ಹಾಕಬೇಡಿ.’

ಕೊಟ್ಟೆ, ತಾಡಪಾಲು ಎರಡೂ ಸಾಮಾನ್ಯವಾಗಿ ಪಾಲಿಥಿನ್‌ನವು. ನೀರಿಗಿಂತ ಹಗುರ, ತೇಲುತ್ತವೆ. ಬರೆಯುವವರಿಗೆ ಚ-ಒತ್ತು ದೊಡ್ಡದಾಗಿ ಬರೆಯಲು ಹೇಳಿ.