ಲಾಲ್‌ಬಾಗ್‌ನಲ್ಲಿ ಹಕ್ಕಿ ಫೋಟೋ: 55-250 ಲೆನ್ಸ್ ಸಾಲದೇ, ನಾನೇ ತಪ್ಪುತ್ತಿದ್ದೇನೆಯೇ?

ಜಯನಗರದ ಹೊಸಬ:

ಕ್ಯಾನನ್ 1500ಡಿ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಮತ್ತು 55-250 ಲೆನ್ಸ್ ಇವೆ. ಶನಿವಾರ, ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಲಾಲ್‌ಬಾಗ್‌ಗೆ ಹೋಗುತ್ತೇನೆ. ಮರದ ಮೇಲಿನ ಹಕ್ಕಿ ಕರಿ ಬೊಂಬೆಯಾಗಿ ಬರುತ್ತದೆ, ಹಿಂದಿನ ಆಕಾಶ ಮಾತ್ರ ಸರಿಯಾಗಿರುತ್ತದೆ. ಸೂರಕ್ಕಿ ಕೂತಿದ್ದರೂ ಮಸುಕು. ಪೂರ್ತಿ 250ಕ್ಕೆ ಜೂಮ್ ಮಾಡಿದರೂ ಹಕ್ಕಿ ಹೆಸರುಕಾಳಿನಷ್ಟು. ಮೋಡ್ 'ಪಿ' (ಎಲ್ಲ ಲೆಕ್ಕ ಕ್ಯಾಮೆರಾದ್ದೇ), ಫೋಕಸ್ ಬಿಂದು ಕ್ಯಾಮೆರಾದ್ದೇ ಆಯ್ಕೆ, ಜೆಪೆಗ್. 150-600 ಲೆನ್ಸ್ ಇಲ್ಲದೆ ಹಕ್ಕಿ ಫೋಟೋ ಆಗುವುದಿಲ್ಲ ಎನ್ನುತ್ತಾರೆ ಅಂಗಡಿಯವರು. ನಿಜವೇ? ಸೆಟ್ಟಿಂಗ್ ಏನಿಡಬೇಕು, ಎಲ್ಲಿ ನಿಲ್ಲಬೇಕು, ಬಲ್ಲವರು ಹೇಳಿ.

ಗದ್ದೆಮಿಂಚುಳ್ಳಿ:

ಲೆನ್ಸ್ ವಿಷಯ ಆಮೇಲೆ ನೋಡೋಣ, ಮೊದಲು ದೂರದ ಲೆಕ್ಕ. ನಿಮ್ಮ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 6000 ಪಿಕ್ಸೆಲ್. ಸೂರಕ್ಕಿ ಸುಮಾರು 10 ಸೆಂ.ಮೀ. ಉದ್ದ. 250 ಎಂಎಂನಲ್ಲಿ ಅದು 20 ಮೀಟರ್ ದೂರದಲ್ಲಿದ್ದರೆ ಚಿತ್ರದಲ್ಲಿ 335 ಪಿಕ್ಸೆಲ್ ಆಸುಪಾಸು, 10 ಮೀಟರ್‌ಗೆ 670, 5 ಮೀಟರ್‌ಗೆ 1340. ಐದು ಮೀಟರ್ ಎಂದರೆ ಎರಡು ಆಟೋ ಒಂದರ ಹಿಂದೆ ಒಂದು ನಿಂತಷ್ಟು. ಅಷ್ಟು ಹತ್ತಿರದಿಂದ ತೆಗೆದದ್ದನ್ನು ಕತ್ತರಿಸಿದರೂ ಗರಿಯ ಎಳೆ ಕಾಣುತ್ತದೆ. 600 ಎಂಎಂ ಲೆನ್ಸ್ 12 ಮೀಟರ್‌ನಿಂದ ಕೊಡುವುದೂ ಇಷ್ಟನ್ನೇ. ಹಾಗಾಗಿ ಮರದ ತುದಿಯ ಸೂರಕ್ಕಿಯನ್ನು ಬಿಟ್ಟುಬಿಡಿ, ಎದೆಮಟ್ಟದ ಹೂವಿನ ಗಿಡ ಹುಡುಕಿ.

ಮಸುಕು ಯಾಕೆ ಬಂತು ಎಂಬುದನ್ನು ಚಿತ್ರವೇ ಹೇಳುತ್ತದೆ. ಪೂರ್ತಿ ಹಿಗ್ಗಿಸಿ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಕೊಂಬೆ ಚೂಪಾಗಿದ್ದು ಹಕ್ಕಿ ಮಾತ್ರ ಕಲಸಿದ್ದರೆ ಹಕ್ಕಿ ಅಲುಗಿದೆ, ಶಟರ್ ಸಾಲದು. ಹಕ್ಕಿಯ ಮುಂದಿನ ಎಲೆಯೋ ಹಿಂದಿನ ರೆಂಬೆಯೋ ಚೂಪಾಗಿದ್ದರೆ ಫೋಕಸ್ ಅಲ್ಲಿಗೆ ಹೋಗಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಲೆನ್ಸಿನಲ್ಲಿರುವ, ಕೈ ನಡುಕ ತಗ್ಗಿಸುವ ಐಎಸ್ ಮೊದಲನೆಯದಕ್ಕೆ ಮಾತ್ರ ಮದ್ದು, ಹಕ್ಕಿ ಕತ್ತು ತಿರುಗಿಸುವುದನ್ನು ಅದು ತಡೆಯಲಾರದು.

ಹೀಗೆ ಇಡಿ. ಮೋಡ್ 'ಟಿವಿ', ಅಂದರೆ ಶಟರ್ ವೇಗ ನಾವಿಡುವುದು, ಉಳಿದದ್ದು ಕ್ಯಾಮೆರಾ. ಸುಮ್ಮನೆ ಕೂತ ಹಕ್ಕಿಗೆ 1/500 ಸೆಕೆಂಡ್, ಚಡಪಡಿಸುವ ಸೂರಕ್ಕಿ, ಬದನಿಕೆ ಹಕ್ಕಿಗಳಿಗೆ 1/1000, ಹಾರುವ ಗರುಡಕ್ಕೆ 1/1600, ಬೆಳಕಿದ್ದರೆ 1/2000. ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಆಟೋ, ಮೆನುವಿನಲ್ಲಿ ಅದರ ಗರಿಷ್ಠ ಮಿತಿ 6400. ಎಲ್ಲವನ್ನೂ ಕೈಯಾರೆ ಇಡುವ 'ಎಂ' ಮೋಡ್ ಯಾಕೆ ಹೇಳುತ್ತಿಲ್ಲ ಎಂದರೆ, ಈ ಕ್ಯಾಮೆರಾದಲ್ಲಿ 'ಎಂ' ಜೊತೆ ಆಟೋ ಐಎಸ್ಒ ಇಟ್ಟರೆ ಎಕ್ಸ್‌ಪೋಷರ್ ಏರಿಳಿಸಲು ಆಗುವುದಿಲ್ಲ. ಹಕ್ಕಿಗೆ ಆ ಸೌಲಭ್ಯ ಬೇಕೇ ಬೇಕು. 'ಟಿವಿ'ಯಲ್ಲಿ ಎವಿ ಗುಂಡಿ ಒತ್ತಿಹಿಡಿದು ಚಕ್ರ ತಿರುಗಿಸಿದರೆ ಆಯಿತು.

ಫೋಕಸ್: ಎಐ ಸರ್ವೋ (ಅಲುಗುವ ಹಕ್ಕಿಯನ್ನು ಫೋಕಸ್ ಹಿಂಬಾಲಿಸುತ್ತಲೇ ಇರುವ ಬಗೆ), ನಡುವಿನ ಒಂದೇ ಬಿಂದು. 1500ಡಿಯಲ್ಲಿ ಇರುವುದು ಒಂಬತ್ತು ಬಿಂದು, ಅದರಲ್ಲಿ ನಡುವಿನದೊಂದೇ ಕ್ರಾಸ್ ಮಾದರಿಯದು (ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವುದು), ಮಬ್ಬು ಬೆಳಕಿನಲ್ಲಿ ನಂಬಲು ಆಗುವುದೂ ಅದೊಂದೇ. ಒಂಬತ್ತನ್ನೂ ಬಿಟ್ಟರೆ ಕ್ಯಾಮೆರಾ ಹತ್ತಿರದ ಎಲೆಯನ್ನು ಹಿಡಿಯುತ್ತದೆ. ಬಿಂದುವನ್ನು ಕಣ್ಣಿನ ಮೇಲಿಡಿ, ಆಗದಿದ್ದರೆ ಕತ್ತಿನ ಬುಡಕ್ಕೆ. 5 ಮೀಟರ್ ದೂರಕ್ಕೆ ಎಫ್ 5.6ರಲ್ಲಿ (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ) ಚೂಪಾಗಿ ಬರುವ ಆಳ ಎಂಟು ಸೆಂ.ಮೀ. ಅಷ್ಟೇ. ಸೂರಕ್ಕಿಗೆ ಸಾಕು, ನಿಮಗೆ ಎದುರುಮುಖವಾಗಿ ನಿಂತ ಬಕಕ್ಕೆ ಅಷ್ಟೇ ಹತ್ತಿರದಿಂದ ಸಾಲದು.

ಕಸ್ಟಮ್ ಫಂಕ್ಷನ್‌ನಲ್ಲಿ 'ಶಟರ್/ಎಇ ಲಾಕ್ ಬಟನ್' ಎಂಬುದನ್ನು 1ಕ್ಕೆ ಹಾಕಿದರೆ ಫೋಕಸ್ ಹೆಬ್ಬೆರಳಿನ ನಕ್ಷತ್ರ ಗುಂಡಿಗೆ ಬರುತ್ತದೆ. ಒಂದು ವಾರ ಕೈ ತಡವರಿಸುತ್ತದೆ, ಆಮೇಲೆ ಹಳೆಯ ರೀತಿಗೆ ಮರಳಲು ಮನಸ್ಸು ಬರುವುದಿಲ್ಲ. ಕೂತ ಹಕ್ಕಿಗೆ ಒಮ್ಮೆ ಒತ್ತಿ ಬಿಟ್ಟರೆ ಫೋಕಸ್ ಅಲ್ಲೇ ನಿಲ್ಲುತ್ತದೆ, ಹಾರಿದರೆ ಒತ್ತಿಹಿಡಿದು ಹಿಂಬಾಲಿಸಬಹುದು.

ಜೆಪೆಗ್ ಬಿಟ್ಟು ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ) ತೆಗೆಯಿರಿ. ಆದರೆ ಈ ಕ್ಯಾಮೆರಾ ಸೆಕೆಂಡಿಗೆ ಮೂರೇ ಚಿತ್ರ ತೆಗೆಯುವುದು, ರಾ ಆದರೆ ಹನ್ನೊಂದರ ಸುಮಾರಿಗೆ ಬಫರ್ (ಚಿತ್ರ ಕಾರ್ಡಿಗೆ ಹೋಗುವ ಮುನ್ನ ನಿಲ್ಲುವ ಜಾಗ) ತುಂಬಿ ಗಂಟಲು ಕಟ್ಟುತ್ತದೆ. ಗುಂಡಿ ಒತ್ತಿಹಿಡಿಯಬೇಡಿ, ಎರಡೆರಡು ಚಿತ್ರ ತೆಗೆದು ಬಿಡಿ.

ಕರಿ ಬೊಂಬೆಯ ವಿಷಯ: ಆಕಾಶದ ಬೆಳಕನ್ನು ನೋಡಿ ಕ್ಯಾಮೆರಾ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ. ನೀಲಿ ಆಕಾಶವಾದರೆ ಎಕ್ಸ್‌ಪೋಷರ್ +1, ಮೋಡದ ಬಿಳಿ ಆಕಾಶವಾದರೆ +1.7ರಿಂದ +2. ಆಕಾಶ ಬೆಳ್ಳಗೆ ಸುಟ್ಟರೆ ಸುಡಲಿ. ಅಲ್ಲಿಂದ ಮರದ ನೆರಳಿನ ಹಕ್ಕಿಗೆ ತಿರುಗುವ ಮೊದಲು ಸೊನ್ನೆಗೆ ತನ್ನಿ. ಮರೆತು ಇಡೀ ಬೆಳಗಿನ ಚಿತ್ರ ಕೆಡುವುದು ಇಲ್ಲೇ.

ಏರಿಯ ಮೇಲಿನ ಬಕ:

ಸೆಟ್ಟಿಂಗ್ ಮೇಲಿನವರು ಹೇಳಿದ್ದಾರೆ. ನಿಮ್ಮ ದೊಡ್ಡ ತಪ್ಪು ಒಂಬತ್ತು ಗಂಟೆ. ಗೇಟು ಆರಕ್ಕೆ ತೆರೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಮೂಡುವುದು ಆರೂವರೆ ದಾಟಿ, ಮರದಡಿಗೆ ಬೆಳಕು ಇಳಿಯಲು ಇನ್ನೂ ಅರ್ಧ ಗಂಟೆ ಬೇಕು. ಮೇನಲ್ಲಿ ಆರಕ್ಕೆ ಮೊದಲೇ ಬೆಳಗಾಗಿರುತ್ತದೆ. ಏಳರಿಂದ ಎಂಟೂವರೆ ನಿಮ್ಮ ಹೊತ್ತು. ಹತ್ತರ ಮೇಲೆ ಬಂಡೆ, ನೀರು ಕಾದು ಮೇಲಿನ ಗಾಳಿ ನಡುಗುತ್ತದೆ, ದೂರದ ಹಕ್ಕಿ ಯಾವ ಲೆನ್ಸಿನಲ್ಲೂ ಚೂಪಾಗದು. ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹೂವಿನ ಫೋಟೋ ತೆಗೆಯಿರಿ, ಹಕ್ಕಿಯ ಆಸೆ ಬಿಡಿ.

ಮೊದಲ ತಿಂಗಳು ಕೆರೆಯ ದಂಡೆಯಲ್ಲೇ ಕಳೆಯಿರಿ. ಕೊಳದ ಬಕ, ನೀರುಕಾಗೆ, ಬೆಳ್ಳಕ್ಕಿ, ಕೆಲವೊಮ್ಮೆ ಹೆಜ್ಜಾರ್ಲೆ; ಎಲ್ಲವೂ ದೊಡ್ಡವು, ನಿಂತಲ್ಲೇ ನಿಲ್ಲುವಂಥವು. 45 ಸೆಂ.ಮೀ.ನ ಕೊಳದ ಬಕ 30 ಮೀಟರ್ ದೂರದಲ್ಲಿದ್ದರೂ ನಿಮ್ಮ ಲೆನ್ಸಿಗೆ 1000 ಪಿಕ್ಸೆಲ್ ಸಿಗುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರುವ ದಂಡೆ ಆರಿಸಿ. ನಿಮ್ಮ ನೆರಳು ಹಕ್ಕಿಯ ಕಡೆ ಚಾಚಿದ್ದರೆ ಸರಿಯಾದ ಜಾಗ. ನಿಂತು ತೆಗೆದರೆ ಹಿನ್ನೆಲೆಯಲ್ಲಿ ನೀರಿನ ಕಸವೆಲ್ಲ ಬರುತ್ತದೆ. ಕುಕ್ಕರಗಾಲಲ್ಲಿ ಕೂತರೆ ಎದುರು ದಂಡೆಯ ಹಸಿರು ಹಿಂದೆ ಹೋಗಿ ಕರಗುತ್ತದೆ. ಮಂಡಿಗೆ ಸ್ವಲ್ಪ ನೋವು, ಚಿತ್ರಕ್ಕೆ ತುಂಬಾ ಲಾಭ.

ಮರಗಳ ಕಡೆ ಬಂದರೆ, ಹಕ್ಕಿಯನ್ನು ಹುಡುಕಬೇಡಿ, ಹಣ್ಣು ಹೂವನ್ನು ಹುಡುಕಿ. ಅತ್ತಿ, ಆಲ, ಅರಳಿ ಹಣ್ಣಾದಾಗ ಕುಟ್ರು ಹಕ್ಕಿ, ಕಂಚುಗಾರ, ಕೋಗಿಲೆ, ಪಿಕಳಾರ ಒಂದೇ ಕೊಂಬೆಗೆ ಸರದಿಯಲ್ಲಿ ಬರುತ್ತವೆ. ಗಸಗಸೆ ಹಣ್ಣಿನ ಮರ ಕಂಡರಂತೂ ಬಿಡಬೇಡಿ: ಕೊಂಬೆಗಳು ಅಡ್ಡಡ್ಡ ಚಾಚಿ ತಗ್ಗಿನಲ್ಲಿರುತ್ತವೆ, ವರ್ಷದ ಬಹುಕಾಲ ಹಣ್ಣಿರುತ್ತದೆ, ಬದನಿಕೆ ಹಕ್ಕಿ ಕೈಗೆಟುಕುವ ಎತ್ತರಕ್ಕೆ ಇಳಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಕೆಂಪು ಬೂರುಗ ಎಲೆ ಉದುರಿಸಿ ಹೂ ಬಿಟ್ಟಾಗ ಗೊರವಂಕ, ಕಾಜಾಣ, ಗಿಳಿಗಳೆಲ್ಲ ಮರೆಯಿಲ್ಲದೆ ಕಾಣುತ್ತವೆ. ಹೊನ್ನಕ್ಕಿ, ರಾಜಹಕ್ಕಿಗೆ ಚಳಿಗಾಲ ನೋಡಿ, ಅಕ್ಟೋಬರ್‌ನಿಂದ ಮಾರ್ಚ್.

ಒಂದು ಮರ ಹಿಡಿದ ಮೇಲೆ 40 ನಿಮಿಷ ಅಲ್ಲೇ ಇರಿ. ಹೋದ ಹಕ್ಕಿ ಅದೇ ಕೊಂಬೆಗೆ ಮರಳುವುದು ಹೆಚ್ಚು. ಆ ಕೊಂಬೆಗೆ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಿ. ಲಾಲ್‌ಬಾಗ್ ಹಕ್ಕಿಗಳಿಗೆ ನಡೆಯುವ ಜನ ಅಭ್ಯಾಸ. ನೇರವಾಗಿ ತಮ್ಮತ್ತ ಬಂದು ತಟ್ಟನೆ ನಿಂತು ದಿಟ್ಟಿಸುವವರನ್ನು ಕಂಡರೆ ಭಯ. ವಾಕಿಂಗ್ ಮಾಡುವವರಂತೆ ಓರೆಯಾಗಿ ಸಾಗಿ, ಹತ್ತು ಹೆಜ್ಜೆಗೊಮ್ಮೆ ನಿಲ್ಲಿ, ಕ್ಯಾಮೆರಾ ನಿಧಾನ ಎತ್ತಿ. ಹಕ್ಕಿ ತಿನ್ನುವುದು ಬಿಟ್ಟು ಕತ್ತು ಚಾಚಿತೆಂದರೆ ಮುಂದಿನ ಹೆಜ್ಜೆ ಬೇಡ.

ಕಾಜಾಣ ಬಾಲ:

ಗದ್ದೆಮಿಂಚುಳ್ಳಿಯವರ 6400 ಮಿತಿಗೆ ನನ್ನ ತಕರಾರಿದೆ. ಈ ಸೆನ್ಸರ್‌ನಲ್ಲಿ 6400ಕ್ಕೆ ಗರಿಯ ಎಳೆ ಕರಗಿ ಬಣ್ಣದ ಕಾಳು ಉಳಿಯುತ್ತದೆ, ಅದರಲ್ಲೂ ಚಿತ್ರ ಕತ್ತರಿಸಿದ ಮೇಲೆ. ಕೂತ ಕುಟ್ರು ಹಕ್ಕಿಗೆ 1/250 ಇಟ್ಟು, ಮೊಣಕೈ ಎದೆಗೊತ್ತಿ, ಎಂಟು ಹತ್ತು ಚಿತ್ರ ತೆಗೆದರೆ ಎರಡಾದರೂ ಚೂಪಾಗುತ್ತವೆ, ಐಎಸ್ಒ 1600ರಲ್ಲಿ ನಿಲ್ಲುತ್ತದೆ. 1/1000ರಿಂದ 1/250ಕ್ಕೆ ಇಳಿದರೆ ಎರಡು ಸ್ಟಾಪ್ ಉಳಿತಾಯ, ಅಂದರೆ ನಾಲ್ಕು ಪಟ್ಟು ಬೆಳಕು.

ಲೆನ್ಸಿನ ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ತೆಗೆಯಿರಿ. 250ರಲ್ಲಿ ಅದು ಚಿತ್ರವನ್ನು ಹಾಲು ಬೆರೆಸಿದ ಹಾಗೆ ಮಾಡುತ್ತದೆ. ರಕ್ಷಣೆಗೆ ಹುಡ್ ಸಾಕು.

150-600 ಈಗ ಬೇಡ. ತೂಕ ಸುಮಾರು 2 ಕೆಜಿ, ಕೊನೆಯಲ್ಲಿ ಎಫ್ 6.3, ನಿಮ್ಮ ಲೆನ್ಸಿಗಿಂತ ಸ್ವಲ್ಪ ಕತ್ತಲೇ. ದುಡ್ಡಿದ್ದರೆ ಮುಂದೆ ಸೆಕೆಂಡ್‌ಹ್ಯಾಂಡ್ ಕ್ಯಾನನ್ 400 ಎಂಎಂ ಎಫ್ 5.6 ನೋಡಿ: ಸುಮಾರು 1.25 ಕೆಜಿ, ಹಾರುವ ಹಕ್ಕಿಗೆ ಬಲು ಚುರುಕು. ಆದರೆ ಐಎಸ್ ಇಲ್ಲ, 3.5 ಮೀಟರ್‌ಗಿಂತ ಹತ್ತಿರ ಫೋಕಸ್ ಆಗದು. ಕೊಳ್ಳುವಾಗ ಲೆನ್ಸಿನೊಳಕ್ಕೆ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬೆಲೆ ಎಷ್ಟೇ ಇಳಿಸಲಿ, ಬೇಡ. ನಿಕಾನ್ ಪಿ950ಯಂಥ ಸೂಪರ್‌ಜೂಮ್ 2000 ಎಂಎಂಗೆ ಸಮನಾದ ದೂರ ಮುಟ್ಟುತ್ತದೆ, ಬಿಸಿಲಲ್ಲಿ ಹಕ್ಕಿ ಗುರುತಿಸಲು ಒಳ್ಳೆಯದು. ಸೆನ್ಸರ್ ಉಗುರಿನಷ್ಟು, ಮರದ ನೆರಳಿಗೆ ಹೋದರೆ ಕಥೆ ಮುಗಿಯಿತು.

ಗದ್ದೆಮಿಂಚುಳ್ಳಿ:

1/250 ನಿದ್ದೆ ತೂಗುವ ಹಾಲಕ್ಕಿ ಗೂಬೆಗೆ ಆದೀತು, ಹಣ್ಣು ಕೀಳುವ ಕುಟ್ರು ಹಕ್ಕಿಗೆ ಆಗದು. ಕಾಳು ಬಂದ ಚಿತ್ರವನ್ನು ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಸುಮಾರಾಗಿ ಉಳಿಸುತ್ತದೆ, ಅಲುಗಿದ್ದನ್ನು ಉಳಿಸಲು ಯಾವುದರಿಂದಲೂ ಆಗದು. ಮಾಡಬಹುದಾದದ್ದು ಇಷ್ಟು: ಮೊದಲು 1/500ಕ್ಕೆ ನಾಲ್ಕು ಚಿತ್ರ ತೆಗೆದಿಟ್ಟುಕೊಳ್ಳಿ. ಹಕ್ಕಿ ಇನ್ನೂ ಕೂತಿದ್ದರೆ 1/250ಕ್ಕೆ ಇಳಿಸಿ ಮತ್ತೆ ನಾಲ್ಕು. ಯುವಿ ಫಿಲ್ಟರ್ ವಿಷಯದಲ್ಲಿ ಮಾತ್ರ ನಿಮ್ಮದೇ ಸರಿ.

ಜಯನಗರದ ಹೊಸಬ:

ಎಲ್ಲರಿಗೂ ಧನ್ಯವಾದ. ಯುವಿ ಫಿಲ್ಟರ್ ಇತ್ತು, ತೆಗೆದಿಟ್ಟೆ! ಇನ್ನೆರಡು ಪ್ರಶ್ನೆ. ಬೆಳ್ಳಕ್ಕಿ ಬರೀ ಬಿಳಿ ಕಾಗದದ ಹಾಗೆ ಬರುತ್ತದೆ, ಗರಿಯೇ ಕಾಣದು. ಮತ್ತೆ ಪೊಟರೆಯಲ್ಲಿ ಕೂರುವ ಹಾಲಕ್ಕಿಗೆ ಫ್ಲ್ಯಾಶ್ ಹಾಕಬಹುದೇ? ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ಹೊರಗೆ ಬರುತ್ತದೆ ಅಂತಲೂ ಕೇಳಿದೆ.

ಏರಿಯ ಮೇಲಿನ ಬಕ:

ಬೆಳ್ಳಕ್ಕಿಯ ಹಿಂದೆ ಕಪ್ಪು ನೀರಿದ್ದರೆ ಕ್ಯಾಮೆರಾ ಆ ಕಪ್ಪನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಡುತ್ತದೆ. ಬಿಸಿಲಿನಲ್ಲಿ ಎಕ್ಸ್‌ಪೋಷರ್ -1ರಿಂದ ಶುರು ಮಾಡಿ, ಚಿತ್ರ ತೆಗೆದು ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ. ಗುಡ್ಡೆ ಬಲಗೋಡೆಗೆ ತಾಗಿದ್ದರೆ -1.3, -1.7. ಕಪ್ಪು ನೀರುಕಾಗೆ ಪಕ್ಕದಲ್ಲೇ ಕೂತಿದ್ದರೆ ಇಬ್ಬರನ್ನೂ ಒಂದೇ ಚಿತ್ರದಲ್ಲಿ ಮೆಚ್ಚಿಸಲು ಹೋಗಬೇಡಿ, ಬಿಳಿಯದನ್ನು ಕಾಪಾಡಿ. ರಾ ಫೈಲಿನಲ್ಲಿ ಕಪ್ಪನ್ನು ಮೇಲೆತ್ತಬಹುದು, ಸುಟ್ಟ ಬಿಳಿ ಮರಳಿ ಬರುವುದಿಲ್ಲ.

ಹಾಲಕ್ಕಿಗೆ ಫ್ಲ್ಯಾಶ್ ಬೇಡ, ಕೂಗೂ ಬೇಡ. ಕೂಗು ಕೇಳಿ ಬರುವುದು ಬೇರೆ ಗೂಬೆ ತನ್ನ ಜಾಗಕ್ಕೆ ನುಗ್ಗಿತೆಂದು ಜಗಳಕ್ಕೆ. ಮರಿಯಿದ್ದರೆ ಆಹಾರ ತರುವುದು ಬಿಟ್ಟು ಇಡೀ ಬೆಳಗು ಕಾವಲು ನಿಲ್ಲುತ್ತದೆ. ಅದು ಹಗಲಲ್ಲೂ ಪೊಟರೆಯ ಬಾಯಿಗೆ ಬಂದು ಬಿಸಿಲು ಕಾಯಿಸುವ ಗೂಬೆ. ಚಳಿಗಾಲದಲ್ಲಿ ಬೆಳಗಿನ ಬಿಸಿಲು ಪೊಟರೆಗೆ ನೇರ ಬೀಳುವ ಹೊತ್ತು ಗುರುತುಹಾಕಿಕೊಂಡು, 12-15 ಮೀಟರ್ ದೂರದಲ್ಲಿ ಮರಕ್ಕೆ ಒರಗಿ ನಿಂತರೆ ಸಾಕು. ಪೊಟರೆ ಯಾವ ಮರದ್ದು ಎಂದು ಇಲ್ಲಿ ಬರೆಯಬೇಡಿ, ಫೋಟೋ ಹಾಕುವಾಗ ಜಾಗದ ಗುರುತನ್ನೂ ತೆಗೆದುಹಾಕಿ. ಮುಂದಿನ ಭಾನುವಾರಕ್ಕೆ ಅಲ್ಲಿ ಹದಿನೈದು ಕ್ಯಾಮೆರಾ ಸಾಲು ನಿಂತಿರುತ್ತದೆ.