‘ಡೊಂಕು’ ಅಂದರೆ ತಪ್ಪೇ?

ಗೆಳೆಯರೇ,

ಒಂದು ಪದ ನಾಲ್ಕು ದಿನದಿಂದ ತಲೆ ತಿನ್ನುತ್ತಿದೆ. ಗೆಳೆಯನೊಬ್ಬನ ಕವನ ಸಂಕಲನಕ್ಕೆ ಬೆನ್ನುಡಿ ಬರೆಯಲು ಕೂತಿದ್ದೆ. ‘ಸಮಾಜದ ಅಂಕುಡೊಂಕುಗಳನ್ನು ತಿದ್ದುವ ಕವಿತೆಗಳು’ ಅಂತ ಬರೆದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. “‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ಅಂತ ನಿನಗೆ ಬಾಯಿಪಾಠ ಮಾಡಿಸಿದ್ದು ಯಾಕೋ?” ಅಂದರು.

ನನಗೆ ಮಾತೇ ಹೊರಡಲಿಲ್ಲ. 12ನೇ ಶತಮಾನದಲ್ಲೇ ಬಸವಣ್ಣ ಬೇಡ ಅಂದ ಕೆಲಸವನ್ನೇ ನಾವು ಪ್ರತಿ ಕವಿಗೋಷ್ಠಿಯಲ್ಲೂ ಕವಿಗಳಿಗೆ ಹಾರದ ಜೊತೆ ಹೊರಿಸುತ್ತೇವೆ, ಅಲ್ವಾ? ಅದೂ ಅದೇ ಎರಡು ಪದಗಳಲ್ಲಿ!

ಮೊದಲು ‘ಡೊಂಕು’. ನಮ್ಮ ತುಮಕೂರು ಕಡೆ ಮೊಳೆ ಹೊಡೆಯುವಾಗ ಬಾಗಿದರೆ ‘ಸೊಟ್ಟಗಾಯ್ತು’ ಅನ್ನುತ್ತೇವೆ. ಗೋಡೆಯ ಮೇಲಿನ ಫೋಟೋ ಒಂದು ಕಡೆಗೆ ಜರುಗಿದರೆ ‘ವಾರೆಯಾಗಿದೆ’. ನಾಯಿ ಬಾಲ ಮಾತ್ರ ಯಾವತ್ತೂ ‘ಡೊಂಕು’, ದಬ್ಬೆ ಕಟ್ಟಿದರೂ ಅಷ್ಟೇ. ಅಂದರೆ ಸೊಟ್ಟ, ವಾರೆ ಆಮೇಲೆ ಆದದ್ದು. ಡೊಂಕು ಹುಟ್ಟಿನಿಂದ ಬಂದದ್ದು. ಹೀಗಂತ ನನಗೆ ಅನ್ನಿಸುತ್ತದೆ. ಇದಕ್ಕೆ ಕೊಕ್ಕೆ ಹಾಕುವ ಗಾದೆಯೂ ಇದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಅಲ್ಲಿ ನೆಲ ಚೆನ್ನಾಗಿಯೇ ಇದೆ. ಡೊಂಕು ಬರೀ ಅವಳ ಬಾಯಲ್ಲಿದೆ.

ಬಸವಣ್ಣನ ಇನ್ನೊಂದು ವಚನ ನೋಡಿ:

ಹಾವಿನ ಡೊಂಕು ಹುತ್ತಕ್ಕೆ ಸಸಿನ,
ನದಿಯ ಡೊಂಕು ಸಮುದ್ರಕ್ಕೆ ಸಸಿನ,
ನಮ್ಮ ಕೂಡಲಸಂಗನ ಶರಣರ ಡೊಂಕು ಲಿಂಗಕ್ಕೆ ಸಸಿನ.

‘ಸಸಿನ’ ಅಂದರೆ ನೆಟ್ಟಗೆ, ನೇರ. ಹಾವು ಅಂಕುಡೊಂಕಾಗಿ ಹರಿದರೂ ಹುತ್ತದೊಳಗೆ ಸಲೀಸಾಗಿ ಇಳಿಯುತ್ತದೆ. ನದಿ ಎಷ್ಟು ಸುತ್ತಿದರೂ ಕಡಲು ಬೇಡ ಅನ್ನುವುದಿಲ್ಲ. ಇಲ್ಲಿ ಡೊಂಕು ತಪ್ಪೇ ಅಲ್ಲ. ಅದು ಬರೀ ಆಕಾರ. ನೋಡುವವರು ಯಾರು ಅನ್ನುವುದರ ಮೇಲೆ ಅದು ನೇರವೂ ಆಗುತ್ತದೆ. ಒಬ್ಬನೇ ಕವಿ, ಒಂದೇ ಪದ. ಒಂದು ಕಡೆ ಲೋಕದ ಕುಂದು, ಇನ್ನೊಂದು ಕಡೆ ಶರಣರ ನಡೆ. ಹಾಗಾದರೆ ‘ಲೋಕದ ಡೊಂಕ’ ಅನ್ನುವಲ್ಲಿ ‘ತಪ್ಪು’ ಅಂತ ಓದಿಕೊಳ್ಳುವುದು ನಮ್ಮ ಅವಸರವೇನೋ.

ಈಗ ‘ತಿದ್ದು’. ಕೆಂಪು ಪೆನ್ನಿನ ತಿದ್ದುವಿಕೆ ಎಲ್ಲರಿಗೂ ಗೊತ್ತು. ಆದರೆ ನಾನು ಮೊದಲು ತಿದ್ದಿದ್ದು ಸ್ಲೇಟಿನ ಮೇಲೆ. ಮೇಷ್ಟ್ರು ದೊಡ್ಡದಾಗಿ ‘ಅ’ ಬರೆದು ಕೊಡುತ್ತಿದ್ದರು. ಅದರ ಮೇಲೇ ಬಳಪ ಆಡಿಸಬೇಕು. ಹತ್ತು ಸಲ, ಇಪ್ಪತ್ತು ಸಲ. ಗೆರೆ ದಪ್ಪಗಾಗಿ ‘ಅ’ ಹೊಟ್ಟೆ ಬಂದ ಹಾಗೆ ಕಾಣುತ್ತಿತ್ತು. ಅಲ್ಲಿ ಅಕ್ಷರದಲ್ಲಿ ತಪ್ಪೇನಿರಲಿಲ್ಲ. ಸರಿಹೋಗಬೇಕಾದ್ದು ನನ್ನ ಕೈ. ‘ಅಕ್ಷರ ತಿದ್ದು’ ಅನ್ನುವಾಗ ನೆಟ್ಟಗಾಗುವವನು ತಿದ್ದುವವನೇ! ಇದನ್ನು ವಚನದ ಅರ್ಥಕ್ಕೆ ಅಂಟಿಸುವುದಿಲ್ಲ. ಅಲ್ಲಿ ‘ನೆಟ್ಟಗೆ ಮಾಡು’ ಅನ್ನುವುದೇ ಸರಿ. ಸುಮ್ನೆ ಹೊಳೆಯಿತು, ಹೇಳಿದೆ.

‘ಲೋಕದ ಡೊಂಕ’ ವಚನದ ಮುಂದಿನ ಸಾಲಿನ ‘ಸಂತೈಸಿಕೊಳ್ಳಿ’ ಕೂಡ ತೊಡಕಿನದೇ. ಇವತ್ತು ಸಂತೈಸುವುದು ಅಂದರೆ ಅಳುವವರಿಗೆ ಸಮಾಧಾನ ಹೇಳುವುದು. ‘ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ’ ಅನ್ನುವುದನ್ನು ಹಾಗೆ ಓದಿದರೆ ನಮ್ಮ ಬೆನ್ನು ನಾವೇ ಸವರಿಕೊಂಡ ಹಾಗಾಗುತ್ತದೆ. ಅಲ್ಲಿ ‘ಹತೋಟಿಯಲ್ಲಿಟ್ಟುಕೊಳ್ಳಿ, ಸರಿಮಾಡಿಕೊಳ್ಳಿ’ ಅನ್ನುವ ಅರ್ಥವೇ ಜಾಸ್ತಿ ಒಪ್ಪುತ್ತದೆ. ಅದಕ್ಕೇ ಕೊನೆಯ ಸಾಲಿನಲ್ಲಿ ನೆರೆಮನೆಯ ದುಃಖಕ್ಕೆ ಅಳುವವರನ್ನು ಮೆಚ್ಚ ಅನ್ನುವುದು. ಅದು ಕಲ್ಲುಮನಸ್ಸಿನ ಮಾತಲ್ಲ. ತನ್ನ ಮನೆ ಬಿಟ್ಟು ಪಕ್ಕದ ಮನೆಗೆ ಅಳಲು ಓಡುವವರ ಮೇಲೆ ಸಿಟ್ಟು.

ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆ ಮನುಷ್ಯರ ಸ್ವಭಾವಕ್ಕೆ ‘ಡೊಂಕು’ ಅನ್ನುತ್ತೀರಾ, ‘ಸೊಟ್ಟ’ ಅನ್ನುತ್ತೀರಾ? ಧಾರವಾಡ, ಬೀದರ್, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ‘ಸಸಿನ’ ಯಾರ ಮನೆಮಾತಿನಲ್ಲಾದರೂ ಉಳಿದಿದೆಯೇ? ಅಜ್ಜಿಯರ ಬಾಯಲ್ಲಿ ಕೇಳಿದ್ದರೂ ಸಾಕು, ಯಾವ ಮಾತಿನಲ್ಲಿ ಬಂತು ಅಂತ ಪೂರ್ತಿ ವಾಕ್ಯ ಬರೆಯಿರಿ.

ಬೆನ್ನುಡಿಯಲ್ಲಿ ಆ ಸಾಲು ಹೊಡೆದುಹಾಕಿದ್ದೇನೆ. ಅದರ ಜಾಗ ಇನ್ನೂ ಖಾಲಿ ಇದೆ. ಸೋಮವಾರ ಪ್ರೆಸ್ಸಿಗೆ ಕೊಡಬೇಕು.